ತೋಟಾ ತುಂಬುವ ಯಂತ್ರ ಮನೆಗೆ ಬರಬಹುದೇ?

ಕೋವಿಯಿಂದ ಒಂದು ಈಡು ಹಾರಿಸಿದ ಮೇಲೆ ತೋಟಾದಲ್ಲಿ ಉಳಿಯುವುದೇನು? ಕೇಪು ಸಿಡಿದು ಬರಿದಾಯಿತು, ಮದ್ದು ಉರಿದುಹೋಯಿತು, ಗುಂಡು ಹಾರಿಹೋಯಿತು. ಉಳಿಯುವುದು ಹಿತ್ತಾಳೆಯ ಕವಚವೊಂದೇ. ಆದರೆ ತೋಟಾದ ಬೆಲೆಯಲ್ಲಿ ದೊಡ್ಡ ಪಾಲು ಆ ಕವಚದ್ದೇ. ಅದನ್ನು ಎಸೆಯದೆ ಮತ್ತೆ ತುಂಬಿ ಬಳಸಬೇಕೆಂಬ ಮಿತವ್ಯಯದ ಬುದ್ಧಿಯಿಂದ ಹುಟ್ಟಿದುದೇ ತೋಟಾ ತುಂಬುವ ಯಂತ್ರ.

ಅಮೆರಿಕದಲ್ಲಿ ಇದು ಮನೆಮನೆಯ ಹವ್ಯಾಸಗಳಲ್ಲೊಂದು. ಕ್ಯಾಲಿಫೋರ್ನಿಯಾದ ಓರೋವಿಲ್‌ನಲ್ಲಿ ಫ್ರೆಡ್ ಹಂಟಿಂಗ್ಟನ್ ಎಂಬಾತ 1943ರಲ್ಲಿ ಆರಂಭಿಸಿದ ಆರ್‌ಸಿಬಿಎಸ್ ಸಂಸ್ಥೆ ಇಂತಹ ಯಂತ್ರಗಳಿಗೆ ಹೆಸರಾಯಿತು. ಯಂತ್ರದ ತತ್ತ್ವ ಸರಳವಾದುದು. ಭಾರವಾದ ಮೇಜಿಗೆ ಬಿಗಿದ ಕಬ್ಬಿಣದ ಚೌಕಟ್ಟು. ಅದಕ್ಕೊಂದು ಉದ್ದನೆಯ ಹಿಡಿ. ಹಿಡಿಯನ್ನು ಒತ್ತಿದಾಗ ಕವಚವು ಅಚ್ಚಿನೊಳಗೆ ಹೊಕ್ಕು, ಅನಿಲದ ಒತ್ತಡಕ್ಕೆ ಹಿಗ್ಗಿದ್ದ ಮೈಯನ್ನು ಮೊದಲಿನ ಅಳತೆಗೆ ತಂದುಕೊಳ್ಳುತ್ತದೆ. ಹಳೆಯ ಕೇಪು ಹೊರಬೀಳುತ್ತದೆ. ಹೊಸ ಕೇಪು, ಮದ್ದು, ಗುಂಡು ಅನಂತರದ ಸರದಿಯವು.

ಇವುಗಳಲ್ಲಿ ಮೂರು ಬಗೆಗಳುಂಟು. ಮೊದಲನೆಯದರಲ್ಲಿ ಒಮ್ಮೆಗೆ ಒಂದೇ ಅಚ್ಚು. ಒಂದೊಂದು ಹಂತಕ್ಕೂ ಅಚ್ಚನ್ನು ಬದಲಾಯಿಸಬೇಕು. ಎರಡನೆಯದರಲ್ಲಿ ಅಚ್ಚುಗಳನ್ನು ಹೊತ್ತ ತಿರುಗು ತಲೆ. ಮೂರನೆಯದರಲ್ಲಿ ಹಿಡಿಯನ್ನು ಒಮ್ಮೆ ಎಳೆದರೆ ಎಲ್ಲ ಹಂತಗಳೂ ಒಟ್ಟಿಗೆ ಸಾಗುತ್ತವೆ. ಹೊಸಬರಿಗೆ ಮೊದಲನೆಯದೇ ಲೇಸೆಂದು ಅಲ್ಲಿನ ಅನುಭವಿಗಳು ಹೇಳುತ್ತಾರೆ. ನಿಧಾನವೇ ಅದರ ಗುಣ. ಏಕೆಂದರೆ ಅವಸರದಲ್ಲಿ ಒಂದೇ ಕವಚಕ್ಕೆ ಎರಡು ಸಲ ಮದ್ದು ಬಿದ್ದರೆ ಕೋವಿಯ ನಳಿಗೆಯೇ ಸಿಡಿಯಬಹುದು. ಕಪ್ಪುಮದ್ದಿಗೆಂದು ಮಾಡಿದ ಹಳೆಯ ಕೋವಿಗೆ ಹೊಗೆಯಿಲ್ಲದ ಹೊಸ ಮದ್ದನ್ನು ತುಂಬಿದರೂ ಅದೇ ಗತಿ. ಸೀಸದ ಧೂಳು ಮಕ್ಕಳ ಹೊಟ್ಟೆ ಸೇರಿದರೆ ವಿಷ. ಆದುದರಿಂದ ಅಡುಗೆಮನೆಯ ಹತ್ತಿರ ಈ ಕೆಲಸ ಸಲ್ಲದು.

ಇಷ್ಟೆಲ್ಲ ಓದಿದ ಮೇಲೆ, ಅಮೆರಿಕದಲ್ಲಿರುವ ಅಳಿಯನು ಸೋಮನಹಳ್ಳಿಯ ಮಾವನಿಗೆಂದು ಇಂತಹುದೊಂದು ಯಂತ್ರವನ್ನು ಪೆಟ್ಟಿಗೆಯಲ್ಲಿಟ್ಟು ತಂದನೆನ್ನೋಣ. ಮದ್ದೂರಿನ ಕಬ್ಬಿನ ಸೀಮೆಯಲ್ಲಿ ಬೆಳೆ ಕಾಯಲೆಂದು ಮಾವನವರು ಪರವಾನಗಿ ಪಡೆದ ಕೋವಿಯೂ ಮನೆಯಲ್ಲಿದೆ. ತಪ್ಪೇನು?

ತಪ್ಪಿದೆ. 1959ರ ಶಸ್ತ್ರಾಸ್ತ್ರ ಕಾಯಿದೆಯಲ್ಲಿ ‘ಮದ್ದುಗುಂಡು’ ಎಂಬ ಮಾತಿಗಿರುವ ಅರ್ಥ ಬಹಳ ವಿಶಾಲವಾದುದು. ಅದರ ಬಿಡಿಭಾಗಗಳು ಮಾತ್ರವಲ್ಲ, ಅದನ್ನು ತಯಾರಿಸುವ ಯಂತ್ರವೂ ಆ ಮಾತಿನೊಳಗೆ ಅಡಗಿದೆ. ಮದ್ದಿನ ಒಂದು ಕಾಳೂ ಇಲ್ಲದ ಬರಿಯ ಕಬ್ಬಿಣವೇ ಕಾನೂನಿನ ಕಣ್ಣಿಗೆ ಮದ್ದುಗುಂಡಾಗುತ್ತದೆ! ಕೋವಿಯ ಪರವಾನಗಿ ತಯಾರಿಕೆಯ ಪರವಾನಗಿಯಲ್ಲ. ಪರವಾನಗಿಯಿಲ್ಲದೆ ತಯಾರಿಸಿದವರಿಗೆ, 2019ರ ತಿದ್ದುಪಡಿಯ ಮೇಲೆ, ಏಳು ವರ್ಷಕ್ಕೆ ಕಡಿಮೆಯಿಲ್ಲದ, ಜೀವಾವಧಿಯವರೆಗೂ ಹೋಗಬಹುದಾದ ಸೆರೆವಾಸವಿದೆ.

‘ಕೊಡಗಿನವರಿಗೆ ವಿನಾಯಿತಿಯುಂಟಲ್ಲ?’ ಎಂದು ಕೆಲವರು ಕೇಳಬಹುದು. ಉಂಟು. ಬ್ರಿಟಿಷರ ಕಾಲದಿಂದ ನಡೆದುಬಂದ ಆ ವಿನಾಯಿತಿಯನ್ನು ಕೇಂದ್ರ ಸರ್ಕಾರವು 2019ರಲ್ಲಿ ಹತ್ತು ವರ್ಷಗಳಿಗೆ ಮುಂದುವರಿಸಿತು. ಕೈಲ್‌ಪೊಳ್ದ್ ಹಬ್ಬದಂದು ಕೋವಿಗೆ ಹೂ ಮುಡಿಸಿ ಪೂಜಿಸುವ ಆ ನಾಡಿನಲ್ಲಿ ಕೋವಿ ಮನೆತನದ ಗೌರವದ ಗುರುತು. ಆದರೆ ಆ ವಿನಾಯಿತಿ ಕೋವಿಯನ್ನು ಇಟ್ಟುಕೊಳ್ಳುವುದಕ್ಕೂ ಒಯ್ಯುವುದಕ್ಕೂ ಸಂಬಂಧಿಸಿದುದೇ ಹೊರತು, ಮನೆಯನ್ನು ಕಾರ್ಖಾನೆ ಮಾಡುವುದಕ್ಕಲ್ಲ.

ಹಾಗಾದರೆ ಕೋವಿಯುಳ್ಳ ಗೃಹಸ್ಥರು ಮಾಡಬೇಕಾದುದೇನು? ಪರವಾನಗಿ ಪಡೆದ ಅಂಗಡಿಯಲ್ಲಿ, ತಮ್ಮ ಕೋವಿಯ ಬೋರಿಗೆ ಹೊಂದುವ ತೋಟಾವನ್ನೇ ಕೊಳ್ಳಬೇಕು. ಒಂದು ಪೌಂಡು ಸೀಸದಿಂದ ಸಮನಾದ 12 ಗುಂಡುಗಳನ್ನು ಮಾಡಿದರೆ, ಅಂತಹ ಒಂದು ಗುಂಡು ಹಿಡಿಸುವ ನಳಿಗೆಯೇ 12 ಬೋರ್. ಸಂಖ್ಯೆ ಹೆಚ್ಚಿದಂತೆ ನಳಿಗೆ ಕಿರಿದಾಗುತ್ತದೆ. ತೋಟಾಗಳನ್ನು ಕೋವಿಯಿಂದ ಬೇರೆಯಾಗಿ, ಬೀಗದೊಳಗೆ, ತೇವ ತಾಕದಂತೆ ಇಡಬೇಕು.

ಇನ್ನೊಂದು ಮಾತು. ಪರವಾನಗಿದಾರರು ತೀರಿಕೊಂಡ ಮೇಲೆ ಅವರ ಕೋವಿಯೂ ಹಳೆಯ ತೋಟಾಗಳೂ ಟ್ರಂಕಿನ ತಳದಲ್ಲಿ ಮರೆತುಹೋಗುವುದುಂಟು. ‘ಅಜ್ಜನ ನೆನಪು’ ಎಂದು ಇಟ್ಟುಕೊಂಡರೆ ಮೊಮ್ಮಗನು ಅಪರಾಧಿಯಾದಾನು. ಅವನ್ನು ತಡಮಾಡದೆ ಹತ್ತಿರದ ಪೊಲೀಸು ಠಾಣೆಗೋ ಪರವಾನಗಿಯುಳ್ಳ ವ್ಯಾಪಾರಿಗೋ ಒಪ್ಪಿಸಿ ರಸೀತಿ ಪಡೆಯಬೇಕು. ವಾರಸುದಾರರು ಬೇಕಾದರೆ ತಮ್ಮ ಹೆಸರಿಗೆ ಪರವಾನಗಿ ಕೋರಬಹುದು. ಅಳಿಯನಿಗೆ ಮಾತ್ರ ಮುಂಚಿತವಾಗಿಯೇ ಬರೆದುಬಿಡಿ: ಉಡುಗೊರೆಯಾಗಿ ಬೇರೇನನ್ನಾದರೂ ತರಲಿ.