ನೀರಿನ ಕಲೆ

ತೇಗದ ಮೇಜಿನ ಮೇಲೆ ಒದ್ದೆಯಾದ ಚೊಂಬನ್ನು ಇಟ್ಟು ಮರೆತರೆ, ಮರುದಿನ ಅಲ್ಲಿ ಉಂಗುರದಂತಹ ಗುರುತೊಂದು ಕಾಣಿಸುತ್ತದೆ. ಬಟ್ಟೆಯಿಂದ ಎಷ್ಟು ಒರೆಸಿದರೂ ಅದು ಹೋಗುವುದಿಲ್ಲ. ಮೇಜೇ ಕೆಟ್ಟಿತೆಂದು ಬಗೆದು ಅದಕ್ಕೆ ಬಣ್ಣ ಬಳಿಸುವವರೂ ಉಂಟು. ಕಲೆಯ ಸ್ವಭಾವವನ್ನು ಅರಿತವರಿಗೆ ಇಂತಹ ಅವಸರ ಬೇಕಾಗುವುದಿಲ್ಲ.

ಮರಕ್ಕೆ ಅಗಸೆ ಎಣ್ಣೆಯನ್ನು ಹಚ್ಚಿ ಹೊಳಪು ಕೊಡುವುದು ಹಳೆಯ ಪದ್ಧತಿ. ಈ ಎಣ್ಣೆ ನೀರಿನಂತೆ ಆವಿಯಾಗಿ ಒಣಗುವುದಿಲ್ಲ; ಗಾಳಿಯಲ್ಲಿರುವ ಆಮ್ಲಜನಕದೊಡನೆ ಕೂಡಿ ಗಟ್ಟಿಯಾಗುತ್ತದೆ. ವಾರ್ನಿಷ್ ಮರದ ಮೇಲೆ ಗಾಜಿನಂತಹ ಹೊದಿಕೆಯಾಗಿ ನಿಲ್ಲುತ್ತದೆ. ಎಣ್ಣೆಯಾದರೋ ಮರದ ಸೂಕ್ಷ್ಮ ರಂಧ್ರಗಳೊಳಗೆ ಇಳಿಯುತ್ತದೆ. ಆದುದರಿಂದ ಎಣ್ಣೆ ಹಚ್ಚಿದ ಮರಕ್ಕೆ ನೀರಿನ ಕಲೆ ಬೇಗ ತಗಲುತ್ತದೆ. ಆದರೆ ಇಡೀ ಮೇಜನ್ನು ಕೆರೆಯದೆ, ಕೆಟ್ಟ ಭಾಗವನ್ನು ಮಾತ್ರ ಸರಿಪಡಿಸಲು ಸಾಧ್ಯವಾಗುವುದೂ ಇದೇ ಕಾರಣದಿಂದ.

ಕಲೆಗಳಲ್ಲಿ ಎರಡು ಬಗೆ. ಬಿಳಿಯ ಕಲೆಯಲ್ಲಿ ತೇವವು ಮೇಲ್ಪದರದಲ್ಲಿಯೇ ನಿಂತಿರುತ್ತದೆ. ಒಂದೆರಡು ದಿನ ಗಾಳಿಯಾಡಲು ಬಿಟ್ಟರೆ ಅದು ತಾನಾಗಿಯೇ ಮಾಸಬಹುದು. ಮಾಸದಿದ್ದರೆ ಅತಿ ನಯವಾದ ಉಪ್ಪುಕಾಗದಕ್ಕೆ ತುಸು ಎಣ್ಣೆ ಸೋಕಿಸಿ, ಮರದ ಎಳೆಗಳು ಸಾಗಿರುವ ದಿಕ್ಕಿನಲ್ಲಿ ಹಗುರವಾಗಿ ಉಜ್ಜಬೇಕು. ಎಳೆಗಳಿಗೆ ಅಡ್ಡಲಾಗಿ ಉಜ್ಜಿದರೆ ಕಲೆ ಹೋದರೂ ಗೀರುಗಳು ಉಳಿಯುತ್ತವೆ.

ಕಪ್ಪು ಕಲೆಯ ಕಥೆ ಬೇರೆ. ಮರದಲ್ಲಿ ಟ್ಯಾನಿನ್ ಎಂಬ ಒಗರು ಪದಾರ್ಥವಿರುತ್ತದೆ. ಕಬ್ಬಿಣದ ಪಾತ್ರೆಯಿಂದಲೋ ಮೊಳೆಯಿಂದಲೋ ಬಂದ ಕಬ್ಬಿಣದ ಅಂಶವು ನೀರಿನ ಮೂಲಕ ಒಳಗಿಳಿದು ಅದರೊಡನೆ ಕೂಡಿದಾಗ ಕಪ್ಪು ಬಣ್ಣ ಹುಟ್ಟುತ್ತದೆ. ಹಿಂದೆ ಅಳಲೆಕಾಯಿಯ ಕಷಾಯಕ್ಕೆ ಕಬ್ಬಿಣದ ಅಂಶವನ್ನು ಬೆರೆಸಿ ಮಸಿ ಮಾಡುತ್ತಿದ್ದುದೂ ಇದೇ ತತ್ತ್ವದ ಮೇಲೆ. ಎಂದರೆ, ಇಲ್ಲಿ ಮರದೊಳಗೇ ಮಸಿ ತಯಾರಾಗಿದೆ! ಇದನ್ನು ತೊಡೆಯಲು ಬಡಗಿಗಳು ಆಕ್ಸಾಲಿಕ್ ಆಮ್ಲದ ದ್ರಾವಣವನ್ನು ಬಳಸುತ್ತಾರೆ. ಅದು ವಿಷವಸ್ತು, ಕೈಗವಸು ತೊಟ್ಟ ಅನುಭವಿಗಳಷ್ಟೇ ಅದನ್ನು ಮುಟ್ಟಬೇಕು. ಬಳಿಕ ಆ ಜಾಗವನ್ನು ನೀರಿನಿಂದ ಚೆನ್ನಾಗಿ ತೊಳೆದು, ಪೂರ್ತಿ ಒಣಗಿಸಿ, ತೆಳುವಾಗಿ ಎಣ್ಣೆ ಹಚ್ಚಿ, ಹೆಚ್ಚಾದುದನ್ನು ಒರೆಸಿ ತೆಗೆಯಬೇಕು.

ಕೆಲಸ ಇಲ್ಲಿಗೆ ಮುಗಿಯಲಿಲ್ಲ. ಅಗಸೆ ಎಣ್ಣೆ ಆಮ್ಲಜನಕದೊಡನೆ ಕೂಡುವಾಗ ಶಾಖ ಹುಟ್ಟುತ್ತದೆ. ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಆ ಶಾಖ ಹೊರಹೋಗಲಾರದೆ ಒಳಗೇ ಹೆಚ್ಚಿ, ಕಿಡಿ ಸೋಕದಿದ್ದರೂ ಬಟ್ಟೆ ಹೊತ್ತಿಕೊಳ್ಳಬಹುದು. ಆದುದರಿಂದ ಅದನ್ನು ಬಯಲಿನಲ್ಲಿ ಹರಡಿ ಒಣಗಿಸಬೇಕು, ಇಲ್ಲವೆ ನೀರಿನಲ್ಲಿ ಮುಳುಗಿಸಿಡಬೇಕು. ಮೇಜಿನ ಕಲೆಯನ್ನು ಅಳಿಸಲು ಹೊರಟವರು ಮನೆಗೇ ಕಿಚ್ಚಿಡಬಾರದಷ್ಟೆ.