ಸ್ವರ್ಣೆ ಒಂದೇ, ಯೋಜನೆ ಊರಿಗೊಂದು

ಅಜೆಕಾರಿನಿಂದ ಕಾರ್ಕಳಕ್ಕೆ ಹೋಗುವವರು ಎಣ್ಣೆಹೊಳೆಯಲ್ಲಿ ಸ್ವರ್ಣಾ ನದಿಯನ್ನು ದಾಟುತ್ತಾರೆ. ಜುಲೈಯಲ್ಲಿ ದಾಟಿದವರಿಗೆ ಈ ನದಿಯ ನೀರಿಗೆ ಎಂದಾದರೂ ಲೆಕ್ಕ ಬೇಕಾದೀತು ಎಂದು ಅನಿಸುವುದಿಲ್ಲ. ಕೆಂಪು ನೀರು ದಡದ ಮರಗಳ ಬುಡಕ್ಕೆ ಬಂದಿರುತ್ತದೆ. ಅದೇ ಜಾಗ ಏಪ್ರಿಲ್ ಕೊನೆಯಲ್ಲಿ ಬಂಡೆ, ಮರಳು, ನಡುನಡುವೆ ಒಂದೊಂದು ಗುಂಡಿ ನೀರು. ಈ ಜಿಲ್ಲೆಯ ನೀರಿನ ಯೋಜನೆಗಳೆಲ್ಲ ಜುಲೈ ನದಿಯನ್ನು ನೋಡಿ ರೂಪುಗೊಂಡಂತಿವೆ, ಬದುಕಬೇಕಾದದ್ದು ಮಾತ್ರ ಏಪ್ರಿಲ್ ನದಿಯ ಜೊತೆ. ಮುಂದಿನ ವರ್ಷಗಳಲ್ಲಿ ಉಡುಪಿ-ಮಣಿಪಾಲಕ್ಕೆ ಬರಲಿರುವ ಸಂಕಟ ಈ ಎರಡರ ನಡುವಿನ ಅಂತರದಲ್ಲಿದೆ. ಅದರ ಮೊದಲ ಪೆಟ್ಟು ನಗರಕ್ಕೆ ಬೀಳುವುದಿಲ್ಲ, ಮೇಲಿನ ಹಳ್ಳಿಗಳಿಗೆ ಬೀಳುತ್ತದೆ.

ನಗರದ ಬೆಳವಣಿಗೆ ಸುಳ್ಳಲ್ಲ. 1953ರಲ್ಲಿ ಟಿ.ಎಂ.ಎ. ಪೈಯವರು ಕಸ್ತೂರ್ಬಾ ಮೆಡಿಕಲ್ ಕಾಲೇಜು ಶುರು ಮಾಡಿದಾಗ ಮಣಿಪಾಲ ಒಂದು ಬೋಳುಗುಡ್ಡ. 1957ರಲ್ಲಿ ಎಂಜಿನಿಯರಿಂಗ್ ಕಾಲೇಜು ಬಂತು, 1993ರಲ್ಲಿ ಡೀಮ್ಡ್ ವಿಶ್ವವಿದ್ಯಾನಿಲಯದ ಮಾನ್ಯತೆ. 1997ರ ಆಗಸ್ಟ್‌ನಲ್ಲಿ ಉಡುಪಿ ದಕ್ಷಿಣ ಕನ್ನಡದಿಂದ ಬೇರೆಯಾಗಿ ಜಿಲ್ಲೆಯಾಯಿತು. ಜಿಲ್ಲಾಧಿಕಾರಿ ಕಚೇರಿಯೂ ಮಣಿಪಾಲದ ಗುಡ್ಡವನ್ನೇ ಏರಿತು. ನಗರಸಭೆಯ ಜನಸಂಖ್ಯೆ 2011ರ ಗಣತಿಗೇ ಒಂದೂಕಾಲು ಲಕ್ಷ ಮುಟ್ಟಿತ್ತು. ವಿದ್ಯಾರ್ಥಿಗಳು, ರೋಗಿಗಳು, ಮಠದ ಯಾತ್ರಿಕರು ಎಂದು ದಿನಾ ಬಂದು ಹೋಗುವವರನ್ನು ಗಣತಿ ಹಿಡಿಯುವುದಿಲ್ಲ. ಅವರೂ ಸ್ನಾನ ಮಾಡುತ್ತಾರೆ.

ಇದರ ಜೊತೆಗೆ ಊರೂರಿನ ಪೈಪೋಟಿ. ಮಂಗಳೂರಿಗೆ ಬಂದರು ಇದೆ, ವಿಮಾನ ನಿಲ್ದಾಣ ಇದೆ ಎಂಬ ಕೊರಗು ಉಡುಪಿಯವರಿಗೆ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕಿನೊಳಗೆ ಕರಗಿದ್ದನ್ನು ಹಿರಿಯರು ಈಗಲೂ ಸೋತ ಕಂಬಳದ ಹಾಗೆ ನೆನೆಸಿಕೊಳ್ಳುತ್ತಾರೆ. ಎಲ್ಲವೂ ಉಡುಪಿಗೇ ಎನ್ನುವ ಕುಂದಾಪುರಕ್ಕೆ ಪ್ರತ್ಯೇಕ ಜಿಲ್ಲೆ ಬೇಕು. ಕಾರ್ಕಳಕ್ಕೆ ತನ್ನದೇ ಯೋಜನೆಗಳು ಬೇಕು. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ರಸ್ತೆ, ಕಾಲೇಜು, ಆಸ್ಪತ್ರೆಗಳಲ್ಲಿ ಪೈಪೋಟಿ ನಡೆದರೆ ಎರಡು ಊರಿಗೂ ಒಂದೊಂದು ಸಿಗಬಹುದು. ನದಿಯ ವಿಷಯದಲ್ಲಿ ಹಾಗಾಗುವುದಿಲ್ಲ.

ಸ್ವರ್ಣೆಯ ಹರಿವನ್ನು ಮೇಲಿನಿಂದ ನೋಡುತ್ತ ಬನ್ನಿ. ಕುದುರೆಮುಖ ಶ್ರೇಣಿಯ ಇಳಿಜಾರಿನ ನೀರು ಮಾಳ, ದುರ್ಗದ ಕಡೆಯಿಂದ ಇಳಿಯುತ್ತದೆ. ಮುಂಡ್ಲಿಯಲ್ಲಿ ಕಾರ್ಕಳ ಪುರಸಭೆ ಕುಡಿಯುವ ನೀರೆತ್ತುತ್ತದೆ. ಎಣ್ಣೆಹೊಳೆಯಲ್ಲಿ ಏತ ನೀರಾವರಿ, ಅದರ ಪೈಪುಗಳು ಸುತ್ತಲಿನ ಗ್ರಾಮಗಳಿಗೆ. ಅಲ್ಲಿಂದ ಕೆಳಗೆ ದಡದುದ್ದಕ್ಕೂ ತೋಟದ ಪಂಪುಗಳು. ಹಿರಿಯಡ್ಕದ ಬಳಿ ಶಿರೂರು ಮತ್ತು ಬಜೆ ಅಣೆಕಟ್ಟುಗಳು, ಅಲ್ಲಿ ಉಡುಪಿ ನಗರಸಭೆಯ ನೀರು. ಕಲ್ಯಾಣಪುರ ದಾಟಿದರೆ ಉಪ್ಪುನೀರಿನ ಸೀಮೆ, ಕೋಡಿಬೆಂಗ್ರೆಯಲ್ಲಿ ಸೀತಾ ನದಿಯ ಜೊತೆ ಸಮುದ್ರ. ಈ ಯೋಜನೆಗಳು ಒಂದೊಂದೂ ತನ್ನ ಮಟ್ಟಿಗೆ ನ್ಯಾಯವಾದದ್ದೇ. ಎಲ್ಲವನ್ನೂ ಕೂಡಿ ಏಪ್ರಿಲ್‌ನಲ್ಲಿ ಎಷ್ಟಾಗುತ್ತದೆ ಎಂಬ ಮೊತ್ತವನ್ನು ಮಾತ್ರ ಊರಿನವರ ಎದುರು ಇಟ್ಟವರಿಲ್ಲ.

ಒರಟು ಲೆಕ್ಕವನ್ನಾದರೂ ಮಾಡೋಣ. ನಗರದ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬುದು ದೇಶದಲ್ಲಿ ಬಳಕೆಯಲ್ಲಿರುವ ಮಾನದಂಡ. ಒಂದೂವರೆ ಲಕ್ಷ ಜನ ಎಂದುಕೊಂಡರೆ ದಿನಕ್ಕೆ ಸುಮಾರು ಎರಡು ಕೋಟಿ ಲೀಟರ್. ಆಸ್ಪತ್ರೆ, ಹಾಸ್ಟೆಲು, ಹೋಟೆಲು, ಪೈಪಿನಲ್ಲಿ ಸೋರಿ ಹೋಗುವುದು ಇದರ ಮೇಲಿನ ಮಾತು. ಇನ್ನು ಅಡಿಕೆ. ಒಂಬತ್ತು ಅಡಿ ಅಂತರದಲ್ಲಿ ನೆಟ್ಟರೆ ಹೆಕ್ಟೇರಿಗೆ ಸುಮಾರು 1,370 ಮರ. ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಸಾಕೆಂದು ಕೃಷಿ ವಿಜ್ಞಾನಿಗಳ ಶಿಫಾರಸು. ಸ್ಪ್ರಿಂಕ್ಲರಿನಲ್ಲಿ ಇದಕ್ಕಿಂತ ಹೆಚ್ಚು ಬೇಕು. ಇಪ್ಪತ್ತು ಲೀಟರಿನ ಲೆಕ್ಕದಲ್ಲೇ ಸಾವಿರ ಹೆಕ್ಟೇರ್ ಅಡಿಕೆಗೆ ದಿನಕ್ಕೆ ಎರಡೂಮುಕ್ಕಾಲು ಕೋಟಿ ಲೀಟರ್. ಅಂದರೆ ಸಾವಿರ ಹೆಕ್ಟೇರ್ ತೋಟ ಒಂದು ಉಡುಪಿಗಿಂತ ಹೆಚ್ಚು ನೀರು ಕುಡಿಯುತ್ತದೆ, ಅದೂ ಅತ್ಯಂತ ಮಿತವ್ಯಯದ ಪದ್ಧತಿಯಲ್ಲಿ. ಹೊಸ ನೀರು ಬಂತೆಂದರೆ ಬೆಟ್ಟು ಗದ್ದೆಯಲ್ಲೂ ಅಡಿಕೆ ಏಳುವುದನ್ನು ನಮ್ಮೂರಿನಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ.

ಇದೇ ಲೆಕ್ಕಕ್ಕೆ ಇನ್ನೊಂದು ಮಗ್ಗುಲೂ ಇದೆ. ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 4,000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ. ಒಂದು ಹೆಕ್ಟೇರ್ ಜಾಗದ ಮೇಲೆ ಬೀಳುವ ಇಷ್ಟು ಮಳೆ ನಾಲ್ಕು ಕೋಟಿ ಲೀಟರ್. ಏಪ್ರಿಲ್ ಮತ್ತು ಮೇ ತಿಂಗಳಿಗೆ ನಗರಕ್ಕೆ ಬೇಕಾಗುವ 120 ಕೋಟಿ ಲೀಟರ್ ಎಂದರೆ ಮೂವತ್ತು ಹೆಕ್ಟೇರ್ ಗುಡ್ಡದ ಒಂದು ವರ್ಷದ ಮಳೆ, ಅಷ್ಟೇ. ಆದ್ದರಿಂದ ಮಳೆ ಕಡಿಮೆ ಎಂಬ ದೂರಿಗೆ ಇಲ್ಲಿ ಅರ್ಥವಿಲ್ಲ. ಆ ಮಳೆಯ ನಾಲ್ಕರಲ್ಲಿ ಮೂರು ಪಾಲಿಗಿಂತ ಹೆಚ್ಚು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಿದ್ದು ಮುಗಿಯುತ್ತದೆ, ಬಿದ್ದದ್ದು ನಿಲ್ಲುವುದಿಲ್ಲ ಎಂಬುದೇ ತೊಂದರೆ.

ನಿಲ್ಲದಿರುವುದಕ್ಕೆ ಮಣ್ಣೇ ಮೊದಲ ಕಾರಣ. ನಮ್ಮ ಗುಡ್ಡಗಳ ಮೈ ಮುರಕಲ್ಲು, ತೂತುತೂತಾದ ಕಲ್ಲು. ಅದು ಮಳೆಯನ್ನು ಬೇಗ ಹೀರುತ್ತದೆ, ಅಷ್ಟೇ ಬೇಗ ಪಕ್ಕಕ್ಕೆ ಬಿಟ್ಟುಕೊಡುತ್ತದೆ. ಕೆಳಗೆ ಗಟ್ಟಿ ಶಿಲೆ. ಆಗಸ್ಟ್‌ನಲ್ಲಿ ಬಾವಿಯ ನೀರು ಕೈಗೆ ಸಿಗುವಷ್ಟು ಮೇಲೆ, ಏಪ್ರಿಲ್‌ನಲ್ಲಿ ಹಗ್ಗಕ್ಕೆ ಹಗ್ಗ ಕಟ್ಟಬೇಕು. ಹಿಂದಿನವರು ಈ ಗುಣವನ್ನು ಅರಿತೇ ಕೃಷಿ ಮಾಡಿದ್ದರು. ಗುಡ್ಡದ ಬುಡದಲ್ಲಿ ಮದಗ, ಬೈಲಿನಲ್ಲಿ ಏಣಿಲು ಬೆಳೆ, ಅದಾದ ಮೇಲೆ ಸುಗ್ಗಿ, ನೀರಿದ್ದಲ್ಲಿ ಕೊಳಕೆ. ತೋಡಿಗೆ ಮಣ್ಣು ಸೊಪ್ಪಿನ ಕಟ್ಟ. ತಿಂಗಳುಗಟ್ಟಲೆ ನೀರು ನಿಲ್ಲುತ್ತಿದ್ದ ಗದ್ದೆ ಬೆಳೆ ಕೊಡುವುದರ ಜೊತೆಗೆ ಕೆಳಗಿನ ಬಾವಿಗಳಿಗೂ ನದಿಗೂ ನಿಧಾನವಾಗಿ ನೀರು ಬಿಡುತ್ತಿತ್ತು. ಈಗ ಕೊಳಕೆ ಬೆಳೆಯುವವರನ್ನು ಹುಡುಕಬೇಕು. ಗದ್ದೆ ಹಡಿಲು ಬಿದ್ದಿದೆ, ಇಲ್ಲವೇ ಮಣ್ಣು ತುಂಬಿಸಿ ಸೈಟಾಗಿದೆ. ಮಣಿಪಾಲದಂಥ ಗುಡ್ಡದ ನೆತ್ತಿಗೆ ಕಾಂಕ್ರೀಟು, ಅಂಗಳಕ್ಕೆ ಇಂಟರ್‌ಲಾಕ್. ನಗರ ಒಂದೇ ಹೊತ್ತಿಗೆ ನೀರಿನ ಬೇಡಿಕೆಯನ್ನು ಹೆಚ್ಚಿಸುತ್ತ ನೀರು ಇಂಗುವ ಜಾಗವನ್ನೂ ಮುಚ್ಚುತ್ತಿದೆ.

ಇದರ ಫಲಿತಾಂಶವನ್ನು ಒಮ್ಮೆ ಕಣ್ಣಾರೆ ಕಂಡಿದ್ದೇವೆ. 2019ರ ಮೇಯಲ್ಲಿ ಬಜೆ ತಳ ಕಂಡಿತು. ನದಿಪಾತ್ರದಲ್ಲಿ ಮೇಲೆ ಅಲ್ಲಲ್ಲಿ ಗುಂಡಿಗಳಲ್ಲಿ ಉಳಿದ ನೀರನ್ನು ಪಂಪು ಇಟ್ಟು ಎತ್ತಿ ಕೆಳಗೆ ಹರಿಸಬೇಕಾಯಿತು. ಹೂಳು, ಬಂಡೆ ಸರಿಸಿ ದಾರಿ ಮಾಡಲು ಶ್ರಮದಾನ ನಡೆಯಿತು. ನಲ್ಲಿ ನೀರು ಸರದಿಯ ಮೇಲೆ, ಉಳಿದ ದಿನ ಟ್ಯಾಂಕರ್. ಆ ವರ್ಷ ಮುಂಗಾರು ಕೇರಳ ಮುಟ್ಟಿದ್ದು ಜೂನ್ 8ಕ್ಕೆ, ವಾಡಿಕೆಗಿಂತ ಒಂದು ವಾರ ತಡ. 2023ರಲ್ಲೂ ಜೂನ್ 8. ಒಂದು ವಾರದ ವಿಳಂಬವನ್ನೂ ತಡೆದುಕೊಳ್ಳಲಾಗದಷ್ಟು ತೆಳುವಾಗಿದೆ ನಮ್ಮ ದಾಸ್ತಾನು. ಇನ್ನು 2020ರ ಸೆಪ್ಟೆಂಬರ್ 20ರಂದು ಇದೇ ಸ್ವರ್ಣೆ ಉಕ್ಕಿ ಉಡುಪಿಯ ತಗ್ಗು ಪ್ರದೇಶಗಳಿಗೆ ದೋಣಿ ಇಳಿಸಬೇಕಾಯಿತು. ಎರಡು ಘಟನೆಗಳ ನಡುವೆ ಹದಿನಾರು ತಿಂಗಳು. ಅರಬ್ಬಿ ಸಮುದ್ರ ಕಾಯುತ್ತಿದೆ ಎಂದು ಹವಾಮಾನ ವಿಜ್ಞಾನಿಗಳು ವರ್ಷಗಳಿಂದ ಹೇಳುತ್ತಿದ್ದಾರೆ. ಕಾದ ಗಾಳಿ ಹೆಚ್ಚು ತೇವ ಹೊರುತ್ತದೆ, ಮಳೆ ಕೆಲವೇ ದಿನಗಳಲ್ಲಿ ಸುರಿದು ಹೋಗುತ್ತದೆ. ಹಾಗೆ ಸುರಿದದ್ದು ಮುರಕಲ್ಲಿಗೆ ಇಳಿಯುವ ಮೊದಲೇ ಕೋಡಿಬೆಂಗ್ರೆ ತಲುಪಿರುತ್ತದೆ.

ಈಗೇನು ಚಿಂತೆ, ವಾರಾಹಿ ನೀರು ಬಂತಲ್ಲ ಎನ್ನುವವರಿದ್ದಾರೆ. ಹಾಲಾಡಿ ಕಡೆಯಿಂದ ಉಡುಪಿಗೆ ವಾರಾಹಿಯ ನೀರು ತರುವ ಯೋಜನೆ ನಗರಕ್ಕೆ ದೊಡ್ಡ ಆಸರೆ, ಅದನ್ನು ಅಲ್ಲಗಳೆಯುವಂತಿಲ್ಲ. ವಾರಾಹಿಯಲ್ಲಿ ಬೇಸಿಗೆಯಲ್ಲೂ ನೀರಿರುವುದು ಮಾಣಿ ಅಣೆಕಟ್ಟಿನ ನೀರು ವಿದ್ಯುತ್ ಉತ್ಪಾದಿಸಿ ಹೊರಬರುವುದರಿಂದ. ಅಂದರೆ ಆ ಹರಿವು ಮಲೆನಾಡಿನ ಮಳೆಯನ್ನೂ ವಿದ್ಯುತ್ ಉತ್ಪಾದನೆಯ ವೇಳಾಪಟ್ಟಿಯನ್ನೂ ಅವಲಂಬಿಸಿದೆ. ಜೊತೆಗೆ ಇನ್ನೊಂದು ಸಂಗತಿ. 1979ರಲ್ಲಿ 9.43 ಕೋಟಿ ರೂಪಾಯಿ ಅಂದಾಜಿನಲ್ಲಿ ಮಂಜೂರಾದ ವಾರಾಹಿ ನೀರಾವರಿ ಯೋಜನೆ 15,702 ಹೆಕ್ಟೇರಿಗೆ ನೀರುಣಿಸುವ ಮಾತು ಕೊಟ್ಟಿತ್ತು. ಕಾಲುವೆಯಲ್ಲಿ ನೀರು ಹರಿಯಲು ಆ ಭಾಗದ ರೈತರು ಮೂರೂವರೆ ದಶಕ ಕಾದರು. ನಮ್ಮ ಗದ್ದೆಗೆ ಬಾರದ ನೀರು ಉಡುಪಿಯ ನಲ್ಲಿಗೆ ಹೇಗೆ ಹೋಗುತ್ತದೆ ಎಂದು ಅವರು ಕೇಳಿದರೆ ಅದನ್ನು ಅಸೂಯೆ ಎನ್ನಲಾಗದು. ಪಕ್ಕದ ಕಣಿವೆಯಿಂದ ನೀರು ತಂದ ನಗರ ಸಾಮಾನ್ಯವಾಗಿ ಮಾಡುವ ಕೆಲಸವೂ ಒಂದಿದೆ: ಆ ನೀರಿನ ಧೈರ್ಯದ ಮೇಲೆ ಇನ್ನಷ್ಟು ಬಹುಮಹಡಿ ಕಟ್ಟಡಗಳಿಗೆ ಪರವಾನಗಿ ಕೊಡುವುದು.

ಕಾಗದದ ಮೇಲಿನ ನೀರು ಎಷ್ಟು ಅಪಾಯಕಾರಿ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಎತ್ತಿನಹೊಳೆಯಿಂದ 24 ಟಿಎಂಸಿ ಅಡಿ ನೀರು ಸಿಗುತ್ತದೆಂದು ಸರಕಾರ ಹೇಳಿತು. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ಲೆಕ್ಕ ಹಾಕಿದಾಗ ಸಿಕ್ಕಿದ್ದು 9.55 ಟಿಎಂಸಿ. ಕಾಮಗಾರಿ ಮೊದಲ ಅಂದಾಜಿನ ಜಾಡಿನಲ್ಲೇ ಮುಂದುವರಿಯಿತು. ಪಡುಬಿದ್ರಿ ಬಳಿಯ 1,200 ಮೆಗಾವ್ಯಾಟ್ ಉಷ್ಣ ವಿದ್ಯುತ್ ಸ್ಥಾವರದ ಕಥೆಯಲ್ಲೂ ಎಚ್ಚರಿಕೆ ಮೊದಲೇ ಇತ್ತು. ಎಲ್ಲೂರು, ನಂದಿಕೂರಿನವರು ಗಾಳಿ, ಬಾವಿ, ಬೆಳೆ ಕೆಡುತ್ತದೆಂದು ಹೇಳುತ್ತಲೇ ಬಂದರು. 2010ರಲ್ಲಿ ಮೊದಲ ಘಟಕ ಶುರುವಾಯಿತು. ಪರಿಸರ ಹಾನಿಗೆ 52 ಕೋಟಿ ರೂಪಾಯಿ ಪರಿಹಾರ ಕೊಡಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆದೇಶಿಸಿದ್ದು 2022ರಲ್ಲಿ.

ನೀರು ಮುಗಿಯುವ ಹೊತ್ತಿಗೆ ಊರುಗಳ ನಡುವಿನ ಪೈಪೋಟಿ ಯಾವ ರೂಪ ತಾಳುತ್ತದೆ ಎಂಬುದನ್ನು ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ತೋರಿಸಿಕೊಟ್ಟಿದೆ. 2015ರಿಂದ 2017ರವರೆಗೆ ಸತತ ಮೂರು ವರ್ಷ ಮಳೆ ಕೈಕೊಟ್ಟಿತು. 2018ರ ಫೆಬ್ರವರಿಯಿಂದ ಒಬ್ಬರಿಗೆ ದಿನಕ್ಕೆ 50 ಲೀಟರ್ ಮಿತಿ. ನಲ್ಲಿ ಪೂರ್ತಿ ಬಂದ್ ಆದರೆ ಸಾರ್ವಜನಿಕ ಕೇಂದ್ರಗಳಲ್ಲಿ ಸಾಲು ನಿಂತು 25 ಲೀಟರ್ ಒಯ್ಯುವ ಏರ್ಪಾಟೂ ಸಿದ್ಧವಾಗಿತ್ತು. ನಗರ ಒಂದು ಪಕ್ಷದ ಕೈಯಲ್ಲಿ, ಕೇಂದ್ರದ ಜಲ ಇಲಾಖೆ ಇನ್ನೊಂದು ಪಕ್ಷದ ಕೈಯಲ್ಲಿ; ತಪ್ಪು ಯಾರದೆಂಬ ಜಗಳದಲ್ಲೇ ಅಮೂಲ್ಯ ತಿಂಗಳುಗಳು ಹೋದವು. ಆಗ ಕೈ ಹಿಡಿದವರಲ್ಲಿ ಗ್ರೂನ್‌ಲ್ಯಾಂಡ್ ಪ್ರದೇಶದ ಹಣ್ಣಿನ ತೋಟದ ರೈತರು ಮುಖ್ಯರು. ತಮ್ಮ ಅಣೆಕಟ್ಟಿನಲ್ಲಿ ಉಳಿದಿದ್ದ ಸುಮಾರು ಸಾವಿರ ಕೋಟಿ ಲೀಟರ್ ನೀರನ್ನು ಅವರು ನಗರಕ್ಕೆ ಬಿಟ್ಟರು. ಮತ್ತೆ ಮಳೆ ಬಂತು, ನಗರ ಬಚಾವಾಯಿತು. ಮಾನವ ಚಟುವಟಿಕೆಯಿಂದಾದ ತಾಪಮಾನ ಏರಿಕೆ ಅಂಥ ಬರದ ಸಾಧ್ಯತೆಯನ್ನು ಮೂರು ಪಟ್ಟು ಹೆಚ್ಚಿಸಿದೆ ಎಂದು ಆ ಬಳಿಕ ವಿಜ್ಞಾನಿಗಳು ತೋರಿಸಿದರು.

ಆ ರೈತರಿಗೆ ತಮ್ಮದೇ ಸಂಘವಿತ್ತು, ಅಳೆದ ನೀರಿತ್ತು, ಕೊಡುವುದೋ ಬೇಡವೋ ಎಂದು ಕೂತು ನಿರ್ಧರಿಸುವ ಅಧಿಕಾರವಿತ್ತು. ನಮ್ಮಲ್ಲಿ ಹಾಗಿಲ್ಲ. ಮಂಗಳೂರಿಗೆ ನೀರು ಕಡಿಮೆಯಾದಾಗ ತುಂಬೆಯ ಮೇಲ್ಭಾಗದಲ್ಲಿ ನೇತ್ರಾವತಿ ದಡದ ಕೃಷಿ ಪಂಪುಗಳ ವಿದ್ಯುತ್ ಕಡಿತಕ್ಕೆ ಆಡಳಿತ ಮುಂದಾದದ್ದು ಹಳೆಯ ಸುದ್ದಿಯೇನಲ್ಲ. ಕುಡಿಯುವ ನೀರಿಗೆ ಮೊದಲ ಆದ್ಯತೆ ಎಂಬ ನಿಯಮ ಸರಿಯೇ. ಆದರೆ ಮೇ ತಿಂಗಳಲ್ಲಿ ಎರಡು ವಾರ ನೀರಿಲ್ಲದೆ ಸುಟ್ಟ ಅಡಿಕೆ ಮರ ಸುಧಾರಿಸಿಕೊಳ್ಳಲು ವರ್ಷಗಳೇ ಬೇಕು. ಎಣ್ಣೆಹೊಳೆಯ ಪೈಪಿನ ನೀರು ನಂಬಿ ಸಾಲ ಮಾಡಿ ತೋಟ ಎಬ್ಬಿಸಿದವನಿಗೆ ಅಂಥದೊಂದು ಆದೇಶ ಬಂದರೆ? ಅತ್ತ ಕೆಳಗೆ ಕೆಮ್ಮಣ್ಣು, ಹೂಡೆ ಕಡೆ ಇನ್ನೊಂದು ನಷ್ಟ. ನದಿಯ ಸಿಹಿನೀರಿನ ಒತ್ತಡ ಕುಗ್ಗಿದಷ್ಟೂ ಭರತದ ಉಪ್ಪುನೀರು ಒಳಗೆ ನುಗ್ಗುತ್ತದೆ. ಒಮ್ಮೆ ಉಪ್ಪಾದ ಬಾವಿಯನ್ನು ತಿಳಿಗೊಳಿಸಲು ಮತ್ತೆ ಮಳೆಗಾಲವೇ ಬರಬೇಕು. ಅಜೆಕಾರು ಮತ್ತು ಕೆಮ್ಮಣ್ಣು ಒಂದೇ ನದಿಯ ಎರಡು ತುದಿ. ನಡುವೆ ಇರುವ ನಗರಕ್ಕಾಗಿ ಎರಡೂ ತುದಿಯವರು ತೆರಬೇಕಾದ ಬೆಲೆಯ ಚರ್ಚೆ ಇನ್ನೂ ಶುರುವಾಗಿಲ್ಲ.

ಮಾಡಬಹುದಾದದ್ದು ಇಲ್ಲವೆಂದಲ್ಲ. ಮುಂಡ್ಲಿ, ಎಣ್ಣೆಹೊಳೆ, ಶಿರೂರು, ಬಜೆಗಳಲ್ಲಿ ಡಿಸೆಂಬರ್‌ನಿಂದ ಮೇವರೆಗಿನ ಹರಿವನ್ನು ದಿನವೂ ಅಳೆದು, ಎತ್ತಿದ ನೀರಿನ ಲೆಕ್ಕದ ಜೊತೆ ಪಂಚಾಯತ್ ಕಚೇರಿಗಳಲ್ಲಿ ಹಾಕಬಹುದು. ಬಜೆಯಲ್ಲಿ ಎಷ್ಟು ಮೀಟರ್ ನೀರಿದೆ ಎಂದು ಪತ್ರಿಕೆಯಲ್ಲಿ ಬರುತ್ತದೆ, ಎಣ್ಣೆಹೊಳೆಯಲ್ಲಿ ಎಷ್ಟು ಹರಿಯುತ್ತಿದೆ ಎಂದು ಬರುವುದಿಲ್ಲ. ಹಡಿಲು ಬಿದ್ದ ಬೈಲಿನಲ್ಲಿ ಮತ್ತೆ ನೀರು ನಿಲ್ಲಿಸಿ ಏಣಿಲು ಬೆಳೆಯುವವನಿಗೆ ನಗರ ಎಕರೆಗಿಷ್ಟು ಎಂದು ಹಣ ಕೊಡುವುದು ನ್ಯಾಯ. ಆತ ಬೆಳೆಯುವ ಅಕ್ಕಿಯ ಜೊತೆಗೆ ನಗರದ ಏಪ್ರಿಲ್ ನೀರನ್ನೂ ಬೆಳೆಯುತ್ತಿರುತ್ತಾನೆ. ಬಹುಮಹಡಿ ಕಟ್ಟಡಕ್ಕೆ ಪರವಾನಗಿ ಕೊಡುವಾಗ ನೀರಿನ ಮೂಲ ಯಾವುದು ಎಂಬ ಕಾಲಂನಲ್ಲಿ ‘ನಗರಸಭೆ’ ಎಂದು ಬರೆದರೆ ಸಾಕೆಂಬ ರೂಢಿ ನಿಲ್ಲಬೇಕು.

ಕಿಂಡಿ ಅಣೆಕಟ್ಟುಗಳಿಗೆ ಹಲಗೆ ಇಳಿಸುವುದು ಮಳೆ ನಿಂತು ಹರಿವು ತಗ್ಗಿದ ಮೇಲೆ, ನವೆಂಬರ್ ಡಿಸೆಂಬರ್ ಹೊತ್ತಿಗೆ. ಯಾರಿಗೆ ಎಷ್ಟು, ಕೆಳಗೆ ಬಿಡುವುದೆಷ್ಟು, ಮುಂಗಾರು ಜೂನ್ 15ರವರೆಗೂ ಬಾರದಿದ್ದರೆ ಯಾವ ಪಂಪು ಮೊದಲು ನಿಲ್ಲಬೇಕು, ನಿಂತ ಪಂಪಿನ ರೈತನಿಗೆ ಪರಿಹಾರ ಯಾರು ಕೊಡಬೇಕು ಎಂಬುದೆಲ್ಲ ಆಗಲೇ ತೀರ್ಮಾನವಾಗಬೇಕು. ಆ ಸಭೆಯಲ್ಲಿ ಉಡುಪಿ ನಗರಸಭೆಯವರ ಎದುರಿಗೆ ಕಾರ್ಕಳ ಪುರಸಭೆಯವರು, ಅಜೆಕಾರಿನ ತೋಟದವರು, ಕೆಮ್ಮಣ್ಣಿನ ಬಾವಿಯವರು, ಹಾಲಾಡಿಯ ರೈತರು ಕೂತಿರಬೇಕು, ಕೈಯಲ್ಲಿ ಒಂದೇ ಲೆಕ್ಕದ ಹಾಳೆ ಹಿಡಿದು.