ಚಿಲಕ ಹೊರಗಿರುವ ಕೋಣೆ

ಹೆಣ್ಣು ನೋಡಲು ಬೀಗರು ಬರುವ ದಿನ ಹೊರಗಿನಿಂದ ಚಿಲಕ ಬೀಳುವ ಕೋಣೆಯೊಂದು ನಮ್ಮ ಎಷ್ಟೋ ಮನೆಗಳಲ್ಲಿ ಉಂಟು. ಒಳಗೆ ಕುಳಿತವರು ಮನೆಯವರೇ. ಬಾಣಂತನದ ಬಳಿಕ ಮಾತು ಬಿಟ್ಟ ಸೊಸೆ, ಪರೀಕ್ಷೆಗೆ ಓದುತ್ತಿದ್ದು ಒಂದು ದಿನ ಯಾರೂ ಇಲ್ಲದ ಕಡೆಗೆ ತಿರುಗಿ ಉತ್ತರ ಕೊಡತೊಡಗಿದ ಮಗ, ಮದುವೆಯಾಗದೆ ಉಳಿದ ಅಣ್ಣ. ಬಂದವರು ಉಪ್ಪಿಟ್ಟು ತಿಂದು, ಮಾತು ಮುಗಿಸಿ, ಎಲೆ ಅಡಿಕೆ ಹಿಡಿದು ಹೊರಟ ಮೇಲೆ ಚಿಲಕ ತೆಗೆಯಲಾಗುತ್ತದೆ.

ನಮ್ಮ ಮನೆಯಲ್ಲಿಯೂ ಅಂಥದೊಂದು ಕೋಣೆ ಇತ್ತು. ಚಿಕ್ಕಪ್ಪನವರು ಊರಿನ ಸೊಸೈಟಿಯ ಲೆಕ್ಕ ಬರೆಯುತ್ತಿದ್ದವರು. ಅವರ ಕೈಬರಹವನ್ನು ಹೊಗಳದವರಿಲ್ಲ. ಒಂದು ಮುಂಗಾರಿನಲ್ಲಿ ಅವರಿಗೆ ನಿದ್ರೆ ಹೋಯಿತು. ಬಾವಿಯೊಳಗಿನಿಂದ ಯಾರೋ ತಮ್ಮ ಹೆಸರು ಹಿಡಿದು ಕರೆಯುತ್ತಾರೆ ಎಂದರು. ಶಿವಗಂಗೆಗೆ ಕರೆದೊಯ್ದದ್ದಾಯಿತು, ದಾರ ಕಟ್ಟಿಸಿದ್ದಾಯಿತು, ಮಠಕ್ಕೆ ಹೋಗಿ ಬಿನ್ನವಿಸಿಕೊಂಡದ್ದೂ ಆಯಿತು. ಕೊನೆಗೆ ಬೆಂಗಳೂರಿನ ಆಸ್ಪತ್ರೆಯ ಮಾತ್ರೆಗಳು ಆರು ತಿಂಗಳು ನಡೆದವು. ಗುಣವಾಯಿತು ಎಂದು ನಿಲ್ಲಿಸಿದೆವು. ಬಾವಿಯ ಕರೆ ಮತ್ತೆ ಆರಂಭವಾಯಿತು. ಅಕ್ಕನ ಮದುವೆಯ ಮಾತುಕತೆಗೆ ಗಂಡಿನ ಕಡೆಯವರು ಬಂದಾಗ ಅವರನ್ನು ಒಳಗೆ ಕೂಡಿಸಿ ಚಿಲಕ ಹಾಕಿದವರು ನಾವೇ. ಆಗ ನಮಗೆ ಹದಿನಾಲ್ಕು ವರ್ಷ. ಅವರು ಕೂಗಲಿಲ್ಲ, ಬಾಗಿಲು ಬಡಿಯಲಿಲ್ಲ. ತಮ್ಮನ್ನು ಏಕೆ ಕೂಡಿಸಿದ್ದಾರೆಂಬುದು ಅವರಿಗೆ ತಿಳಿದಿತ್ತು. ಈ ಸಂಗತಿಯನ್ನು ಬರೆಯಲು ನಮಗೆ ಇಷ್ಟು ವರ್ಷ ಬೇಕಾಯಿತು. ಬರೆಯದೆ ಇದ್ದರೆ ಮುಂದಿನ ಮಾತಿಗೆ ನಮಗೆ ಅರ್ಹತೆ ಇಲ್ಲ.

ಮುಂದಿನ ಮಾತು ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ನಾಲ್ಕು ತಾಲ್ಲೂಕುಗಳದ್ದು. 1986ರಲ್ಲಿ ರಚನೆಯಾದ ಬೆಂಗಳೂರು ಗ್ರಾಮಾಂತರ ಜಿಲ್ಲೆಯಿಂದ 2007ರಲ್ಲಿ ರಾಮನಗರ ಬೇರ್ಪಟ್ಟ ಮೇಲೆ ಉಳಿದವು ಇವು. ಜಿಲ್ಲೆಗೆ ಬೆಂಗಳೂರು ಉತ್ತರ ಎಂದು ಹೆಸರಿಡಲು 2025ರ ಜುಲೈನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಹೆಸರು ಯಾವುದಾದರೂ ಇರಲಿ, ಮನೋರೋಗದ ಚಿಕಿತ್ಸೆಗೆ ದೇಶದಲ್ಲಿಯೇ ಹೆಸರಾದ ನಿಮ್ಹಾನ್ಸ್ ಇಲ್ಲಿಯ ಜನರಿಗೆ ಅರ್ಧ ದಿನದ ಪ್ರಯಾಣದೊಳಗೇ ಇದೆ. ಇಷ್ಟು ಹತ್ತಿರವಿದ್ದೂ ಚಿಲಕ ಬೀಳುವ ಕೋಣೆಗಳು ಏಕೆ ಉಳಿದವು?

ದೊಡ್ಡಬಳ್ಳಾಪುರದಿಂದ ಮೆಜೆಸ್ಟಿಕ್‌ಗೆ ಸುಮಾರು ನಲವತ್ತು ಕಿಲೋಮೀಟರು. ಅಲ್ಲಿ ಇಳಿದು, ನಗರವನ್ನು ದಾಟಿ ಹೊಸೂರು ರಸ್ತೆಗೆ ಇನ್ನೊಂದು ಬಸ್ಸು. ಆರೋಗ್ಯವಂತನಿಗೆ ಇದು ದೊಡ್ಡ ಪ್ರಯಾಣವಲ್ಲ. ಜನಜಂಗುಳಿ ಕಂಡರೆ ಬೆದರುವ ಮಗನನ್ನು ಕೈಹಿಡಿದು ಕರೆದೊಯ್ಯುವ ತಾಯಿಗೆ ಅದು ಯುದ್ಧ. ಬೆಳಗಿನ ಜಾವ ಹೊರಡಬೇಕು, ಸಾಲಿನಲ್ಲಿ ನಿಲ್ಲಬೇಕು, ಆ ದಿನದ ಕೂಲಿ ಇಲ್ಲ, ಜೊತೆಗೆ ಬರುವ ಮೈದುನನ ಕೂಲಿಯೂ ಇಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಗಿ ಆ ತಾಯಿಯ ಟಿಕೇಟಿನ ಹಣವಾದರೂ ಉಳಿಯಿತು. ಆದರೆ ಹಾದಿಯ ದೂರಕ್ಕಿಂತ ಹೊಸ್ತಿಲಿನ ದೂರವೇ ಹೆಚ್ಚು. ‘ಊರವರು ಕೇಳಿದರೆ ಏನು ಹೇಳುವುದು’ ಎಂಬ ಒಂದು ಪ್ರಶ್ನೆ ಎಷ್ಟೋ ಪ್ರಯಾಣಗಳನ್ನು ಬಸ್‌ ನಿಲ್ದಾಣದ ತನಕವೂ ಬಿಟ್ಟಿಲ್ಲ.

ರೋಗಿ ಆಸ್ಪತ್ರೆಗೆ ಬರಲಾರನಾದರೆ ಆಸ್ಪತ್ರೆ ಹಳ್ಳಿಗೆ ಹೋಗಬೇಕೆಂಬ ವಿಚಾರ ಹೊಸದೇನಲ್ಲ. 1974ರಲ್ಲಿ ರಾಜ್ಯದ ಮಾನಸಿಕ ಆಸ್ಪತ್ರೆಯೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಕೂಡಿ ನಿಮ್ಹಾನ್ಸ್ ಆಯಿತು. ಮರುವರ್ಷವೇ ಡಾ. ಆರ್. ಎಲ್. ಕಪೂರ್ ಅವರ ನೇತೃತ್ವದಲ್ಲಿ ಸಮುದಾಯ ಮಾನಸಿಕ ಆರೋಗ್ಯ ವಿಭಾಗ ಆರಂಭವಾಯಿತು. ಆನೇಕಲ್ ಕಡೆಯ ಸಕಲವಾರದಲ್ಲಿ ಗ್ರಾಮೀಣ ಕೇಂದ್ರ ತೆರೆಯಿತು. ಸೋಲೂರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಾಮಾನ್ಯ ವೈದ್ಯರೂ ಆರೋಗ್ಯ ಕಾರ್ಯಕರ್ತರೂ ಮನೋರೋಗವನ್ನು ಗುರುತಿಸಿ ಔಷಧ ಕೊಡಬಲ್ಲರೇ ಎಂಬ ಪ್ರಯೋಗ ನಡೆಯಿತು. ಬಲ್ಲರು ಎಂದು ತಿಳಿದ ಮೇಲೆ 1985ರ ಸುಮಾರಿಗೆ ಬಳ್ಳಾರಿ ಜಿಲ್ಲೆಯಲ್ಲಿ ಅದೇ ಕ್ರಮ ದೊಡ್ಡದಾಗಿ ಜಾರಿಗೆ ಬಂತು. 1996ರಿಂದ ದೇಶಾದ್ಯಂತ ಹಬ್ಬಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಹೀಗೆ ಈ ವಿಚಾರದ ತವರು ನಮ್ಮ ನೆಲವೇ. ಆದರೂ 2015-16ರಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯು, ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇದೆಯೆಂದೂ, ಬೇರೆ ಬೇರೆ ಕಾಯಿಲೆಗಳಲ್ಲಿ ನೂರಕ್ಕೆ 70ರಿಂದ 92 ಮಂದಿ ಚಿಕಿತ್ಸೆಯ ಹೊರಗೆ ಉಳಿದಿದ್ದಾರೆಂದೂ ಹೇಳಿತು.

ಔಷಧ ಇರುವ ಕಪಾಟಿಗೂ ಚಿಲಕ ಬಿದ್ದ ಕೋಣೆಗೂ ನಡುವೆ ನಡೆದುಹೋಗುವವರು ಯಾರಾದರೂ ಬೇಕು. ದೊಡ್ಡಬಳ್ಳಾಪುರದ ಗ್ರಾಮೀಣ ಅಭ್ಯುದಯ ಸೇವಾ ಸಂಸ್ಥೆ ಹಿಡಿದ ಕೆಲಸ ಇದೇ. ಅಂಗವಿಕಲರ ನಡುವೆ, ಅವರವರ ಊರಿನಲ್ಲಿಯೇ ಪುನರ್ವಸತಿಯ ಕಾರ್ಯದಲ್ಲಿ ತೊಡಗಿದ ಈ ಸಂಸ್ಥೆಯು ಬೆಂಗಳೂರಿನ ಬೇಸಿಕ್ ನೀಡ್ಸ್ ಇಂಡಿಯಾ ಎಂಬ ಸಂಸ್ಥೆಯೊಡನೆ ಸೇರಿ ಮನೋರೋಗಿಗಳನ್ನೂ ತನ್ನ ಕಾರ್ಯದೊಳಗೆ ತಂದುಕೊಂಡಿತು. ಬೇಸಿಕ್ ನೀಡ್ಸ್‌ನ ಮೂಲ ಬ್ರಿಟನ್ನಿನಲ್ಲಿ. ಕ್ರಿಸ್ ಅಂಡರ್‌ಹಿಲ್ ಎಂಬವರು 1999ರಲ್ಲಿ ಅದನ್ನು ಸ್ಥಾಪಿಸಿದರು. ಕಾಲು ಕಳೆದುಕೊಂಡವನ ಮನೆಗೆ ಹೋಗುವ ಕಾರ್ಯಕರ್ತನು ಪಕ್ಕದ ಮನೆಯಲ್ಲಿ ಚಿತ್ತಸ್ವಾಸ್ಥ್ಯ ಕಳೆದುಕೊಂಡವಳನ್ನು ಏಕೆ ದಾಟಿ ಹೋಗಬೇಕು ಎಂಬುದು ಈ ಕೂಡುವಿಕೆಯ ಹಿಂದಿನ ಸರಳ ವಿಚಾರ.

ಈ ವಿಧಾನದ ಮೊದಲ ಹೆಜ್ಜೆಯೇ ನಮಗೆ ಬಹಳ ಹಿಡಿಸಿತು. ಕಾಯಿಲೆಯವರನ್ನೂ ಅವರ ಮನೆಯವರನ್ನೂ ಒಟ್ಟಿಗೆ ಕೂಡಿಸಿ, ನಿಮಗೆ ಏನು ಬೇಕು ಎಂದು ಕೇಳುತ್ತಾರೆ. ಇದರಲ್ಲೇನು ವಿಶೇಷ ಎನ್ನಬಹುದು. ಚಿಕ್ಕಪ್ಪನವರನ್ನು ನಮ್ಮ ಮನೆಯಲ್ಲಿ ಯಾರೂ ಒಂದು ದಿನವೂ ಹಾಗೆ ಕೇಳಲಿಲ್ಲ. ಊಟ ಮಾಡಿದೆಯಾ ಎಂದು ಕೇಳಿದೆವು, ಅಷ್ಟೆ. ಹಾಗೆ ಕೇಳಿದಾಗ ಬರುವ ಉತ್ತರಗಳಲ್ಲಿ ಔಷಧದಷ್ಟೇ ಮುಖ್ಯವಾಗಿ ಕೆಲಸವೂ ಇರುತ್ತದೆ. ಕೈಗೊಂದು ಕೆಲಸ, ತನ್ನದೆನ್ನುವ ನಾಲ್ಕು ಕಾಸು, ಮನೆಯಲ್ಲಿ ಮಾತಿಗೊಂದು ಬೆಲೆ.

ಕಾರ್ಯಕರ್ತೆ ಮನೆಗೆ ಬಂದ ಮೊದಲ ದಿನ ಬಾಗಿಲು ತೆರೆಯುವುದಿಲ್ಲ. ‘ಅಂಥವರು ನಮ್ಮಲ್ಲಿ ಯಾರೂ ಇಲ್ಲ’ ಎಂಬ ಉತ್ತರ ಬರುತ್ತದೆ. ಆಕೆ ವಾದ ಹೂಡುವುದಿಲ್ಲ. ಮತ್ತೊಂದು ದಿನ ಬಂದು, ಹಿತ್ತಲಿನ ಅವರೆ ಚಪ್ಪರದ ಬಗ್ಗೆ ಮಾತನಾಡಿ ಹೋಗುತ್ತಾಳೆ. ಮೂರನೆಯ ಸಲವೋ ನಾಲ್ಕನೆಯ ಸಲವೋ ಮನೆಯ ಹಿರಿಯಳು, ‘ಒಳಗೆ ಬಾರಮ್ಮ’ ಎನ್ನುತ್ತಾಳೆ. ಆ ಮೇಲೆ ಆಸ್ಪತ್ರೆಗೆ ಜೊತೆಗೆ ಹೋಗುವುದು. ಮಾತ್ರೆ ನುಂಗಿಸಿದ ಮೊದಲ ವಾರಗಳಲ್ಲಿ ಕೈ ನಡುಗಿದರೆ, ಮೈ ಬಿಗಿದರೆ, ಹಗಲೆಲ್ಲ ನಿದ್ರೆ ಹಿಡಿದರೆ, ಇದು ಔಷಧದಿಂದ ಆದದ್ದು, ವೈದ್ಯರಿಗೆ ಹೇಳಿದರೆ ಸರಿಪಡಿಸುತ್ತಾರೆ ಎಂದು ವಿವರಿಸುವುದು. ಮಾತ್ರೆ ಒಲ್ಲದವರಿಗೆ ತಿಂಗಳಿಗೊಮ್ಮೆ ಕೊಡಬಹುದಾದ ಚುಚ್ಚುಮದ್ದು ಇದೆಯೆಂದು ತಿಳಿಸುವುದು. ಗುಣ ಕಂಡ ಕೂಡಲೇ ನಿಲ್ಲಿಸಬೇಡಿರೆಂದು ಮತ್ತೆ ಮತ್ತೆ ಹೇಳುವುದು. ನಮ್ಮ ಮನೆಯ ಆರು ತಿಂಗಳ ಕಥೆಯನ್ನು ಓದಿದವರಿಗೆ ಈ ಕೊನೆಯ ಮಾತಿನ ಬೆಲೆ ತಿಳಿದೀತು. ಅಂದು ಅದನ್ನು ಹೇಳುವವರು ನಮ್ಮ ಬಾಗಿಲಿಗೆ ಬರಲಿಲ್ಲ.

ಔಷಧ ಹಿಡಿದ ಮೇಲೆ ಕೆಲಸ ಮುಗಿಯುವುದಿಲ್ಲ. ರೋಗಿಗಳೂ ಅವರನ್ನು ನೋಡಿಕೊಳ್ಳುವವರೂ ಊರೂರಿನಲ್ಲಿ ಸ್ವಸಹಾಯ ಗುಂಪು ಕಟ್ಟಿಕೊಳ್ಳುವುದು ಈ ವಿಧಾನದ ಬಹುಮುಖ್ಯ ಭಾಗ. ಹತ್ತು ವರ್ಷ ಗಂಡನ ಕಾಯಿಲೆಯನ್ನು ಸೆರಗಿನಲ್ಲಿ ಮುಚ್ಚಿಟ್ಟ ಹೆಂಗಸು ಅಲ್ಲಿ ತನ್ನಂತಹ ಇನ್ನೊಬ್ಬಳನ್ನು ಮೊದಲ ಬಾರಿ ಕಾಣುತ್ತಾಳೆ. ಚಿಕ್ಕ ಸಾಲ, ಎರಡು ಕುರಿ, ಒಂದು ಹಸು, ಗೂಡಂಗಡಿ. ಮಗ್ಗದ ಊರಾದ ದೊಡ್ಡಬಳ್ಳಾಪುರದಲ್ಲಿ ನೂಲು ಸುತ್ತುವ ಕೆಲಸವನ್ನು ಮನೆಯ ಜಗುಲಿಯಲ್ಲಿಯೇ ಕುಳಿತು ಮಾಡಬಹುದು. ತಾಲ್ಲೂಕು ಆಸ್ಪತ್ರೆಯಲ್ಲಿ ಔಷಧ ಇಲ್ಲವೆಂದರೆ ಹತ್ತು ಮಂದಿ ಒಟ್ಟಿಗೆ ಹೋಗಿ ಅರ್ಜಿ ಕೊಡಬಹುದು. ಒಂಟಿ ತಾಯಿಯೊಬ್ಬಳು ಕೇಳಿದಾಗ ನಾಳೆ ಬಾ ಎನ್ನುವ ಕಚೇರಿಯು ಗುಂಪು ಬಂದಾಗ ಕಡತ ಬಿಚ್ಚುತ್ತದೆ. ಇದನ್ನು ನಾವೆಲ್ಲರೂ ಬಲ್ಲೆವು.

ಬಂಧನದ ವಿಷಯದಲ್ಲಿ ಒಂದು ಘೋರ ಘಟನೆಯನ್ನು ನೆನೆಯಲೇಬೇಕು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಸುತ್ತ ನಡೆಯುತ್ತಿದ್ದ ಆಶ್ರಯಗಳೊಂದರಲ್ಲಿ ಬೆಂಕಿ ಬಿದ್ದಿತು. ಕಾಲಿಗೆ ಸರಪಳಿ ಬಿಗಿದಿದ್ದ ಮನೋರೋಗಿಗಳು ಓಡಲಾರದೆ ಹೋದರು. ಸತ್ತವರು 28 ಮಂದಿ. ಅವರನ್ನು ಅಲ್ಲಿಗೆ ತಂದು ಬಿಟ್ಟವರಲ್ಲಿ ಬಹುಮಂದಿ ಮನೆಯವರೇ, ಒಳಿತಾಗಲೆಂದೇ ಬಿಟ್ಟವರು. ದೇವರಲ್ಲಿ ಮೊರೆಯಿಡುವುದನ್ನು ನಾವು ಯಾರಿಗೂ ಬೇಡವೆನ್ನುವುದಿಲ್ಲ. ಮೊರೆಯೂ ಇರಲಿ, ಮಾತ್ರೆಯೂ ಇರಲಿ. ಸರಪಳಿ ಮಾತ್ರ ಬೇಡ. 2018ರ ಮೇ ತಿಂಗಳಿನಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು ನಿಷೇಧಿಸಿದೆ. ಆತ್ಮಹತ್ಯೆಗೆ ಯತ್ನಿಸಿ ಬದುಕುಳಿದವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರೆಂದೇ ತಿಳಿಯಬೇಕು, ಶಿಕ್ಷಿಸಬಾರದು, ಅವರ ಆರೈಕೆಯ ಹೊಣೆ ಸರ್ಕಾರದ್ದು ಎಂದೂ ಅದೇ ಕಾಯಿದೆ ಹೇಳುತ್ತದೆ. ಪೊಲೀಸ್ ಕೇಸಿನ ಭಯದಿಂದ ಇಂತಹವರನ್ನು ಆಸ್ಪತ್ರೆಗೆ ಒಯ್ಯಲು ಹಿಂಜರಿಯುವ ಕುಟುಂಬಗಳು ಇದನ್ನು ಗಮನಿಸಬೇಕು.

ಇಷ್ಟರಲ್ಲಿ ಊರುಗಳೂ ಬದಲಾದವು. ಸುಮಾರು 4,000 ಎಕರೆಯ ವಿಮಾನ ನಿಲ್ದಾಣ 2008ರ ಮೇ ತಿಂಗಳಲ್ಲಿ ದೇವನಹಳ್ಳಿಯಲ್ಲಿ ತೆರೆದ ಮೇಲೆ ಸುತ್ತಲ ಹೊಲಗಳಿಗೆ ಕನಸಿನಲ್ಲಿಯೂ ಕಾಣದ ಬೆಲೆ ಬಂತು. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ ರೈತರು 1,777 ಎಕರೆ ಭೂಮಿಗಾಗಿ 2022ರ ಏಪ್ರಿಲ್‌ನಿಂದ ಮೂರು ವರ್ಷಕ್ಕೂ ಮಿಕ್ಕಿ ಹೋರಾಡಿ, 2025ರ ಜುಲೈ 15ರಂದು ಸರ್ಕಾರ ಸ್ವಾಧೀನವನ್ನು ಕೈಬಿಡುವಂತೆ ಮಾಡಿದರು. ಭೂಮಿ ಹೋದ ಮನೆಗಳ ಕಥೆ ಬೇರೆ. ಹೊಲವಿದ್ದಾಗ ಮಂಕಾದ ಅಣ್ಣನಿಗೂ ಅಲ್ಲೊಂದು ಕೆಲಸವಿತ್ತು. ದನ ಮೇಯಿಸುತ್ತಿದ್ದ, ಕಣ ಕಾಯುತ್ತಿದ್ದ, ಊರು ಅವನನ್ನು ಹೊಂದಿಸಿಕೊಂಡಿತ್ತು. ಹೊಲ ಮಾರಿ, ತಮ್ಮಂದಿರು ಪಾಲು ಹಂಚಿಕೊಂಡು, ನಗರದಲ್ಲಿ ಮನೆ ಮಾಡಿದ ಮೇಲೆ ಆತ ಯಾರ ಪಾಲಿಗೆ? ಹಳೆಯ ಮನೆಯಲ್ಲಿ ಎಪ್ಪತ್ತು ದಾಟಿದ ತಾಯಿಯೊಡನೆ ಉಳಿಯುತ್ತಾನೆ. ಪಾಲುಪತ್ರದಲ್ಲಿ ಅವನ ಹೆಬ್ಬೆರಳಿನ ಗುರುತು ಇರುತ್ತದೆ. ಹಣ ಎಲ್ಲಿದೆಯೆಂಬುದು ಅವನಿಗೆ ತಿಳಿದಿರುವುದಿಲ್ಲ. ಸಮಾಜದ ಹಿರಿಯರು ಇಂತಹ ಪಂಚಾಯಿತಿಗಳಲ್ಲಿ ಕುಳಿತುಕೊಳ್ಳುವುದುಂಟು. ಆತನ ಪಾಲನ್ನು ಆತನ ಹೆಸರಿನಲ್ಲಿಯೇ ಬ್ಯಾಂಕಿನಲ್ಲಿ ಇರಿಸಿ ಎಂದು ಒಂದು ಮಾತು ಆಡುವ ಧೈರ್ಯವನ್ನು ಅವರಿಂದ ನಾವು ನಿರೀಕ್ಷಿಸುತ್ತೇವೆ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ದೊಡ್ಡಬಳ್ಳಾಪುರದ ಮಗ್ಗಗಳು ನಿಂತವು, ಬಸ್ಸುಗಳು ನಿಂತವು. ಔಷಧಕ್ಕಾಗಿ ನಗರವನ್ನೇ ನಂಬಿದ್ದವರ ಹಾದಿ ಮುಚ್ಚಿತು. ಹತ್ತಿರದ ಆರೋಗ್ಯ ಕೇಂದ್ರದ ಪರಿಚಯ, ಆಶಾ ಕಾರ್ಯಕರ್ತೆಯ ಬಳಕೆ, ಗುಂಪಿನ ಜೊತೆ ಇದ್ದವರಿಗೂ ಯಾರೂ ಇಲ್ಲದವರಿಗೂ ನಡುವಿನ ಅಂತರ ಎಷ್ಟೆಂಬುದು ಅಂಥ ದಿನಗಳಲ್ಲಿಯೇ ತಿಳಿಯುವುದು. ದೂರವಾಣಿಯ ಮೂಲಕ ವೈದ್ಯರು ಸಲಹೆ ಕೊಡಲು ಸ್ಪಷ್ಟ ನಿಯಮಗಳು ಬಂದದ್ದು ಅದೇ ಮಾರ್ಚ್‌ನಲ್ಲಿ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಗೆ ನಿಮ್ಹಾನ್ಸ್ ಕೇಂದ್ರಸ್ಥಾನವಾಯಿತು.

ನಮ್ಮ ಅಕ್ಕನ ಗಂಡನ ಮನೆಯವರಿಗೆ ಚಿಕ್ಕಪ್ಪನವರ ವಿಷಯ ಮದುವೆಗೆ ಮೊದಲೇ ತಿಳಿದಿತ್ತೆಂದು ಎಷ್ಟೋ ವರ್ಷಗಳ ಬಳಿಕ ಗೊತ್ತಾಯಿತು. ಭಾವನವರ ಸೋದರತ್ತೆಯೊಬ್ಬರು ಅವರ ಮನೆಯಲ್ಲಿಯೂ ಹಾಗೆಯೇ ಇದ್ದರಂತೆ. ಎರಡೂ ಕಡೆಯವರು ಒಬ್ಬರಿಂದೊಬ್ಬರು ಮುಚ್ಚಿಟ್ಟು ಹೋಳಿಗೆ ಊಟ ಮಾಡಿದ್ದೆವು.

ಇಂತಹ ಕೋಣೆಯಿರುವ ಮನೆಯವರು ಮೊದಲು ಯಾರನ್ನು ಕಾಣಬೇಕೆಂದು ಕೇಳುವುದುಂಟು. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿರಿ. ಗ್ರಾಮ ಪಂಚಾಯಿತಿಯಲ್ಲಿ ವಿಕಲಚೇತನರ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಮನೋರೋಗವನ್ನೂ ಒಳಗೊಂಡಿರುವುದರಿಂದ ಸರ್ಟಿಫಿಕೇಟು, ಪಿಂಚಣಿಗಳ ದಾರಿಯನ್ನು ಅವರು ತೋರಿಸಬಲ್ಲರು. ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಬರುವ ದಿನ ಯಾವುದೆಂದು ವಿಚಾರಿಸಿಕೊಳ್ಳಿರಿ. ಮನೆಯಿಂದ ಹೊರಡಲು ಇನ್ನೂ ಮನಸ್ಸಾಗದಿದ್ದರೆ 14416ಕ್ಕೆ ಫೋನು ಮಾಡಬಹುದು. ಹಗಲು ರಾತ್ರಿ ಎನ್ನದೆ ಯಾವ ಹೊತ್ತಿನಲ್ಲಿಯಾದರೂ ಕನ್ನಡದಲ್ಲಿ ಮಾತನಾಡುತ್ತಾರೆ, ಹಣ ಕೊಡಬೇಕಾಗಿಲ್ಲ.